ಆಕಾಶ ನೋಡುವ ಕಣ್ಣು ಮಾಡಿಕೊಟ್ಟ ವೇಣು ಬಾಪು

ಮಹನೀಯರ ಪರಿಚಯ
ಬರೆದವಳು: 10ನೇ ಇಯತ್ತೆಯ ವಿದ್ಯಾರ್ಥಿನಿ



ನಮ್ಮ ಗೋಡೆ ಪತ್ರಿಕೆಯ ಈ ಮೂಲೆಯಲ್ಲಿ ಇಲ್ಲಿಯವರೆಗೆ ಸಂತರು, ಕವಿಗಳು, ಸ್ವಾತಂತ್ರ್ಯ ಹೋರಾಟಗಾರರು ಬಂದು ಹೋಗಿದ್ದಾರೆ. ನಮ್ಮ ಜಿಲ್ಲೆಯವರೇ ಆದ ಕನಕದಾಸರು, ಸರ್ವಜ್ಞ, ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರ ಬಗ್ಗೆ ನೀವೆಲ್ಲ ಓದಿದ್ದೀರಿ. ಈ ಸಲ ವಿಜ್ಞಾನಿಯೊಬ್ಬರ ಜೀವನ ಬರೆಯಬೇಕು ಅಂತ ವಿಜ್ಞಾನದ ಸರ್ ಹೇಳಿದರು. ನಾನು ಖಗೋಳ ವಿಜ್ಞಾನಿ ವೇಣು ಬಾಪು ಅವರನ್ನು ಆರಿಸಿಕೊಂಡೆ.

ಯಾಕೆ ಇವರನ್ನೇ ಅಂತ ನೀವು ಕೇಳಬಹುದು. ಆಕಾಶದ ಚಂದದ ಚಿತ್ರಗಳನ್ನು ನಾವೆಲ್ಲ ನೋಡುತ್ತೇವೆ. ಕ್ಯಾಲೆಂಡರಿನಲ್ಲಿ ಇರುತ್ತವೆ, ಪಾಠದ ಪುಸ್ತಕದಲ್ಲಿ ಇರುತ್ತವೆ, ಸರ್ ಮೊಬೈಲಿನಲ್ಲೂ ತೋರಿಸುತ್ತಾರೆ. ಆದರೆ ಅಷ್ಟು ದೂರ ನೋಡಲಿಕ್ಕೆ ಬೇಕಾದ ಕಣ್ಣು ತಾನಾಗಿ ಬರುವುದಿಲ್ಲ. ಯಾರೋ ಕುಳಿತು, ವರ್ಷಗಟ್ಟಲೆ ದುಡಿದು ಅದನ್ನು ಮಾಡಬೇಕು. ನಮ್ಮ ದೇಶಕ್ಕೆ ಅಂಥ ಕಣ್ಣು ಮಾಡಿಕೊಟ್ಟವರಲ್ಲಿ ಇವರು ಮೊದಲ ಸಾಲಿನವರು.

ಮೊದಲು ಆಕಾಶದ ಮಾತು

ನಮ್ಮ ಕಡೆ ಮಿರಗಾ ಮಳಿ ಅಂದರೆ ಗೊತ್ತಿಲ್ಲದವರು ಯಾರೂ ಇಲ್ಲ. ಜೂನ್ ತಿಂಗಳಲ್ಲಿ ಮೃಗಶಿರಾ ಮಳೆ ಬಿದ್ದರೆ ಬಿತ್ತಿಗೆ ಶುರು. ಆ ಮೃಗಶಿರಾ ಅಂದರೆ ಆಕಾಶದಲ್ಲಿ ನಿಜವಾಗಿ ಇರುವ ಚುಕ್ಕಿಗಳ ಗುಂಪು. ಜನವರಿ ಫೆಬ್ರವರಿ ತಿಂಗಳಲ್ಲಿ, ಮೆಣಸಿನಕಾಯಿ ಕಣದಲ್ಲಿ ಕಾವಲು ಮಲಗಿದವರಿಗೆ ಅದು ನೆತ್ತಿಯ ಹತ್ತಿರವೇ ಕಾಣುತ್ತದೆ. ಅದರ ಸಮೀಪ ಒಂದೇ ಸಾಲಿನಲ್ಲಿ ಮೂರು ಚುಕ್ಕಿಗಳಿವೆ. ಆ ಮೂರು ಚುಕ್ಕಿಯ ಕೆಳಗೆ ಸ್ವಲ್ಪ ಮಬ್ಬಾಗಿ, ಹೊಗೆಯ ಹನಿಯಂತೆ ಒಂದು ಜಾಗ ಇದೆ. ಬರಿಗಣ್ಣಿಗೆ ಅಷ್ಟೇ.

ಅದೇ ಜಾಗವನ್ನು ದೊಡ್ಡ ದೂರದರ್ಶಕದಿಂದ ನೋಡಿದರೆ ಅದೊಂದು ಅನಿಲ ಮತ್ತು ದೂಳಿನ ಮೋಡ. ಅರಳಿದ ಹೂವಿನಂತೆ ಕೆಂಪು, ಹಸಿರು ಛಾಯೆಗಳು. ಅದರೊಳಗೆ ಹೊಸ ಚುಕ್ಕಿಗಳು ಹುಟ್ಟುತ್ತಿವೆ. ಅಲ್ಲಿಂದ ಬೆಳಕು ನಮ್ಮ ಹತ್ತಿರ ಬರಲು ಸುಮಾರು 1,300 ವರ್ಷ ಬೇಕು. ಅಂದರೆ ಇವತ್ತು ರಾತ್ರಿ ನಮ್ಮ ಕಣ್ಣಿಗೆ ಬೀಳುವ ಆ ಬೆಳಕು ಬಾದಾಮಿ ಚಾಲುಕ್ಯರು ಆಳುತ್ತಿದ್ದಾಗ ಅಲ್ಲಿಂದ ಹೊರಟದ್ದು ನೋಡ್ರಿ!

ನಮ್ಮ ಕಣ್ಣಿಗೆ ಆ ಬಣ್ಣ ಯಾಕೆ ಕಾಣುವುದಿಲ್ಲ? ಕತ್ತಲಲ್ಲಿ ನಮ್ಮ ಕಣ್ಣಿನ ಪಾಪೆ ಹೆಚ್ಚೆಂದರೆ 7 ಮಿಲಿಮೀಟರ್ ಅಗಲ ತೆರೆಯುತ್ತದೆ. ಅಷ್ಟು ಸಣ್ಣ ಕಿಂಡಿಯಿಂದ ಎಷ್ಟು ಬೆಳಕು ಒಳಗೆ ಬಂದೀತು? ಮಂದ ಬೆಳಕಿನಲ್ಲಿ ನಮಗೆ ಬಣ್ಣವೂ ತಿಳಿಯುವುದಿಲ್ಲ. ದೂರದರ್ಶಕದ ದೊಡ್ಡ ಕನ್ನಡಿ ಮಳೆನೀರು ಹಿಡಿಯುವ ಅಗಲವಾದ ಪಾತ್ರೆ ಇದ್ದಂತೆ. ಲೋಟದಲ್ಲಿ ಬೀಳುವ ನೀರೆಷ್ಟು, ಕೊಪ್ಪರಿಗೆಯಲ್ಲಿ ಬೀಳುವ ನೀರೆಷ್ಟು? ಹಂಗ ಬೆಳಕನ್ನೂ ತುಂಬಿಸಿಕೊಳ್ಳಬೇಕು. ಅದಕ್ಕೆ ಕ್ಯಾಮರಾ ಜೋಡಿಸಿ ತಾಸುಗಟ್ಟಲೆ ತೆರೆದಿಟ್ಟರೆ ಬಣ್ಣಗಳು ಮೂಡುತ್ತವೆ. 1990ರಲ್ಲಿ ಹಾರಿಸಿದ ಹಬಲ್, 2021ರ ಡಿಸೆಂಬರ್ 25ರಂದು ಹಾರಿಸಿದ ಜೇಮ್ಸ್ ವೆಬ್ ದೂರದರ್ಶಕಗಳು ಗಾಳಿಯ ಕಾಟವೇ ಇಲ್ಲದ ಜಾಗದಲ್ಲಿ ನಿಂತು ಇದೇ ಕೆಲಸ ಮಾಡುತ್ತವೆ. ವೆಬ್ ನಮ್ಮ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಹಿಡಿಯುತ್ತದೆ. ಆ ಬೆಳಕಿಗೆ ವಿಜ್ಞಾನಿಗಳು ನಮಗೆ ಕಾಣುವ ಬಣ್ಣ ಕೊಡುತ್ತಾರೆ. ಬಣ್ಣ ಕೊಟ್ಟದ್ದು ಅವರು, ಆದರೆ ಮೋಡ, ಚುಕ್ಕಿ, ಆಕಾರ ಎಲ್ಲ ಅಲ್ಲಿ ನಿಜವಾಗಿ ಇರುವಂಥದ್ದೇ.

ಈಗ ನಮ್ಮ ಕಥಾನಾಯಕರ ಕಡೆ ಬರೋಣ.

ಮನೆಯೇ ಮೊದಲ ಶಾಲೆ

ಮಣಲಿ ಕಲ್ಲಟ್ ವೇಣು ಬಾಪು ಹುಟ್ಟಿದ್ದು 1927ರ ಆಗಸ್ಟ್ 10ರಂದು, ಮದ್ರಾಸಿನಲ್ಲಿ. ಮನೆತನ ಕೇರಳದ ಕಣ್ಣೂರು ಕಡೆಯದು. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸಕ್ಕಿದ್ದರು. ತಂದೆ ತಾಯಿಗೆ ಇವರು ಒಬ್ಬನೇ ಮಗ. ರೈತರ ಮಕ್ಕಳು ಆಡುತ್ತ ಆಡುತ್ತ ಕೂರಿಗೆ, ಕುಂಟಿಯ ಹೆಸರು ಕಲಿಯುವ ಹಾಗೆ ಈ ಹುಡುಗ ಆಡುತ್ತಲೇ ದೂರದರ್ಶಕದ ಕೆಲಸ ಕಲಿತ.

ಹೈದರಾಬಾದಿನ ನಿಜಾಮ್ ಕಾಲೇಜಿನಲ್ಲಿ ಓದುವಾಗಲೇ ಅವರು ಬೆಳಕು ಹೆಚ್ಚು ಕಡಿಮೆ ಆಗುವ ಚುಕ್ಕಿಗಳನ್ನು ಗಮನಿಸಿ ಲೇಖನ ಪ್ರಕಟಿಸಿದರು. ಎಲ್ಲ ಚುಕ್ಕಿಗಳೂ ಒಂದೇ ಸಮ ಉರಿಯುವುದಿಲ್ಲ. ಕೆಲವು ದಿನದಿಂದ ದಿನಕ್ಕೆ ಮಂಕಾಗುತ್ತವೆ, ಮತ್ತೆ ಪ್ರಕಾಶಿಸುತ್ತವೆ. ಪಕ್ಕದ ಚುಕ್ಕಿಯ ಜೊತೆ ಹೋಲಿಸಿ ಪ್ರತಿ ರಾತ್ರಿ ಲೆಕ್ಕ ಬರೆದಿಡಬೇಕು. ಇದಕ್ಕೆ ದೊಡ್ಡ ಯಂತ್ರಕ್ಕಿಂತ ದೊಡ್ಡ ತಾಳ್ಮೆ ಬೇಕು.

ಎಂ.ಎಸ್ಸಿ. ಆಯಿತು. ಮುಂದೆ? ಆಗ ಭಾರತದಲ್ಲಿ ಚುಕ್ಕಿಗಳ ಬಗ್ಗೆ ದೊಡ್ಡ ಸಂಶೋಧನೆ ಮಾಡುವ ಅನುಕೂಲ ಇರಲಿಲ್ಲ. ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದ ಹೆಸರಾಂತ ವಿಜ್ಞಾನಿ ಹಾರ್ಲೊ ಶೇಪ್ಲಿ ಭಾರತಕ್ಕೆ ಬಂದಾಗ ಬಾಪು ಅವರನ್ನು ಕಂಡು ಮಾತಾಡಿದರು. ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು. 1949ರಲ್ಲಿ ಹಾರ್ವರ್ಡ್‌ಗೆ ಹೊರಟರು.

ಬಾಲಚುಕ್ಕಿ ಸಿಕ್ಕ ರಾತ್ರಿ

ಹೋಗಿ ಕೆಲವೇ ತಿಂಗಳಾಗಿತ್ತು. ಆಗ ಆಕಾಶದ ಚಿತ್ರವನ್ನು ಗಾಜಿನ ತಟ್ಟೆಯ ಮೇಲೆ ತೆಗೆಯುತ್ತಿದ್ದರು. 1949ರ ಜುಲೈ 2ರಂದು ತೆಗೆದ ತಟ್ಟೆಯಲ್ಲಿ ಚುಕ್ಕಿಗಳ ನಡುವೆ ಹೊಸ ಗುರುತೊಂದು ಕಂಡಿತು. ಅದು ಚುಕ್ಕಿಯಲ್ಲ, ಧೂಮಕೇತು. ನಮ್ಮ ಅಜ್ಜಂದಿರು ಬಾಲಚುಕ್ಕಿ ಅನ್ನುತ್ತಾರಲ್ಲ, ಅದೇ. ಬಾಪು, ಅವರ ಗುರು ಬಾರ್ಟ್ ಬಾಕ್, ಜೊತೆಗಾರ ಗಾರ್ಡನ್ ನ್ಯೂಕರ್ಕ್, ಈ ಮೂವರ ಹೆಸರು ಸೇರಿಸಿ ಅದಕ್ಕೆ ಬಾಪು–ಬಾಕ್–ನ್ಯೂಕರ್ಕ್ ಧೂಮಕೇತು ಅಂತ ಹೆಸರಿಟ್ಟರು. ಅದು ಸೂರ್ಯನನ್ನು ಒಂದು ಸುತ್ತು ಹಾಕಲು ಸುಮಾರು 60,000 ವರ್ಷ ಬೇಕು ಅಂತ ಲೆಕ್ಕ ಹಾಕಿದರು. ಇದಕ್ಕಾಗಿ ಅವರಿಗೆ ಡೊನೊಹೋ ಪದಕ ಬಂತು. ಆಗ ಅವರಿಗೆ ಇನ್ನೂ 22 ವರ್ಷ.

1952ರಲ್ಲಿ ಪಿಎಚ್.ಡಿ. ಮುಗಿಯಿತು. ಆಮೇಲೆ ಕಾರ್ನೆಗಿ ಫೆಲೋಶಿಪ್ ಪಡೆದು ಪಾಲೊಮಾರ್ ಬೆಟ್ಟಕ್ಕೆ ಹೋದರು. ಅಲ್ಲಿದ್ದ 200 ಇಂಚಿನ, ಅಂದರೆ 5 ಮೀಟರ್ ಅಗಲದ ದೂರದರ್ಶಕ ಆಗ ಜಗತ್ತಿನಲ್ಲೇ ಎಲ್ಲಕ್ಕಿಂತ ದೊಡ್ಡದು.

ಸುಣ್ಣದ ಗೆರೆಯಿಂದ ಚುಕ್ಕಿಯ ದೂರ

ಅಲ್ಲಿ ಒಲಿನ್ ವಿಲ್ಸನ್ ಎಂಬ ವಿಜ್ಞಾನಿಯ ಜೊತೆ ಮಾಡಿದ ಕೆಲಸವೇ ಅವರಿಗೆ ದೊಡ್ಡ ಹೆಸರು ತಂದದ್ದು. ಸ್ವಲ್ಪ ನಿಧಾನವಾಗಿ ಓದಿರಿ, ತಿಳಿಯುತ್ತದೆ.

ರಾತ್ರಿ ಹೊತ್ತು ಹೊಲದಲ್ಲಿ ನಿಂತರೆ ದೂರದ ಪಿ.ಬಿ. ರಸ್ತೆಯ ಲಾರಿಯ ದೀಪ ಕಾಣುತ್ತದೆ. ಹತ್ತಿರದ ಬದುವಿನಲ್ಲಿ ಯಾರೋ ಹಿಡಿದ ಬ್ಯಾಟರಿಯೂ ಕಾಣುತ್ತದೆ. ಎರಡೂ ಒಂದೇ ಸಮ ಕಾಣಬಹುದು. ಯಾವುದು ದೊಡ್ಡದು, ಯಾವುದು ಸಣ್ಣದು, ಯಾವುದು ಎಷ್ಟು ದೂರ ಅಂತ ಹೇಳುವುದು ಹೇಗೆ? ಚುಕ್ಕಿಗಳದ್ದೂ ಇದೇ ಸಮಸ್ಯೆ.

ಚುಕ್ಕಿಯ ಬೆಳಕನ್ನು ಕಾಮನಬಿಲ್ಲಿನಂತೆ ಬಿಡಿಸಿದರೆ ನಡುನಡುವೆ ಕಪ್ಪು ಗೆರೆಗಳು ಕಾಣುತ್ತವೆ. ಒಂದೊಂದು ಧಾತುವಿಗೆ ಅದರದೇ ಗೆರೆ. ಅವುಗಳಲ್ಲಿ ಕ್ಯಾಲ್ಸಿಯಂ ಗೆರೆ ಒಂದು. ಕ್ಯಾಲ್ಸಿಯಂ ಅಂದರೆ ನಾವು ಗೋಡೆಗೆ ಬಳಿಯುವ, ಎಲೆ ಅಡಿಕೆಗೆ ಹಚ್ಚುವ ಸುಣ್ಣದಲ್ಲಿ ಇರುವ ಧಾತು. ಆ ಕಪ್ಪು ಗೆರೆಯ ನಟ್ಟನಡುವೆ ಮತ್ತೊಂದು ಸಣ್ಣ ಹೊಳೆಯುವ ಗೆರೆ ಇರುತ್ತದೆ. ಆ ಹೊಳೆಯುವ ಗೆರೆ ಅಗಲ ಇದ್ದಷ್ಟೂ ಚುಕ್ಕಿ ನಿಜವಾಗಿ ಹೆಚ್ಚು ಪ್ರಕಾಶದ್ದು ಅಂತ ಇವರಿಬ್ಬರೂ ತೋರಿಸಿಕೊಟ್ಟರು. ನಿಜವಾದ ಪ್ರಕಾಶ ತಿಳಿದರೆ, ನಮಗೆ ಕಾಣುವ ಪ್ರಕಾಶದ ಜೊತೆ ಹೋಲಿಸಿ ದೂರ ಲೆಕ್ಕ ಹಾಕಬಹುದು. ನಮ್ಮ ಸೂರ್ಯನಂಥ ಮತ್ತು ಅದಕ್ಕಿಂತ ತಂಪಾದ ಚುಕ್ಕಿಗಳಿಗೆ ಈ ಲೆಕ್ಕ ಸಲ್ಲುತ್ತದೆ. 1957ರಲ್ಲಿ ಇದು ಪ್ರಕಟವಾಯಿತು. ಜಗತ್ತಿನ ಎಲ್ಲ ಖಗೋಳ ಪುಸ್ತಕಗಳಲ್ಲೂ ಇದಕ್ಕೆ ವಿಲ್ಸನ್–ಬಾಪು ಪರಿಣಾಮ ಅಂತಲೇ ಹೆಸರು.

ತಿರುಗಿ ಬಂದರು

ಇಲ್ಲಿ ಒಂದು ಮಾತು ವಿಚಾರ ಮಾಡಬೇಕು. ಜಗತ್ತಿನ ಅತಿ ದೊಡ್ಡ ದೂರದರ್ಶಕ ಕೈಯಲ್ಲಿತ್ತು. ಹೆಸರೂ ಬಂದಿತ್ತು. ಭಾರತದಲ್ಲಿ ಅಂಥದ್ದು ಏನೂ ಇರಲಿಲ್ಲ. ಆದರೂ 1953ರಲ್ಲಿ ಅವರು ತಿರುಗಿ ಬಂದರು. ತಾವೊಬ್ಬರು ನೋಡಿದರೆ ಸಾಲದು, ಇಲ್ಲಿಯವರೂ ನೋಡುವಂತಾಗಬೇಕು ಅನ್ನುವುದನ್ನು ಅವರು ಮಾತಿನಿಂದಲ್ಲ, ಮುಂದಿನ ಮೂವತ್ತು ವರ್ಷದ ಕೆಲಸದಿಂದ ತೋರಿಸಿದರು.

ಮೊದಲು ಉತ್ತರ ಪ್ರದೇಶದ ರಾಜ್ಯ ವೀಕ್ಷಣಾಲಯದ ಹೊಣೆ ಹೊತ್ತರು. ವಾರಾಣಸಿಯಲ್ಲಿ ಶುರುವಾದ ಅದನ್ನು ನೈನಿತಾಲಿನ ಬೆಟ್ಟಕ್ಕೆ ಒಯ್ದರು. 1960ರಲ್ಲಿ ಕೊಡೈಕನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ಕೊಡೈಕನಾಲ್ ಸೂರ್ಯನನ್ನು ನೋಡುವ ಹಳೆಯ ಜಾಗ. ಆದರೆ ರಾತ್ರಿಯ ಚುಕ್ಕಿ ನೋಡಲು ಮೋಡದ ಕಾಟ. ಹಂಗಾಗಿ ಅವರು ದಕ್ಷಿಣ ಭಾರತದಲ್ಲಿ ಬೇರೆ ಜಾಗ ಹುಡುಕಲು ಹೊರಟರು. ಊರ ದೀಪಗಳಿಂದ ದೂರ ಇರಬೇಕು, ಆಕಾಶ ತಿಳಿಯಾಗಿರಬೇಕು. ದಕ್ಷಿಣದ ಕಡೆ ಇದ್ದಷ್ಟೂ ಒಳ್ಳೆಯದು, ಯಾಕಂದ್ರ ಅಲ್ಲಿಂದ ದಕ್ಷಿಣ ದಿಕ್ಕಿನ ಚುಕ್ಕಿಗಳೂ ಕಾಣುತ್ತವೆ.

ಕೊನೆಗೆ ಸಿಕ್ಕಿದ್ದು ತಮಿಳುನಾಡಿನ ಜವ್ವಾದಿ ಬೆಟ್ಟದ ಕಾವಲೂರು. ಸುತ್ತ ಕಾಡು, ನಡುವೆ ಸಣ್ಣ ಹಳ್ಳಿ. ಹೆಸರಿನಲ್ಲೇ ಕಾವಲು ಇದೆ ನೋಡ್ರಿ. 1968ರಲ್ಲಿ ಅಲ್ಲಿ ಮೊದಲ ದೂರದರ್ಶಕ ನಿಂತಿತು. ಅದರ ಕನ್ನಡಿ ಬರೀ 38 ಸೆಂಟಿಮೀಟರ್, ನಮ್ಮ ಮನೆಯ ರೊಟ್ಟಿ ಹಂಚಿಗಿಂತ ಸ್ವಲ್ಪ ದೊಡ್ಡದು. ಕೊಡೈಕನಾಲಿನ ತಮ್ಮ ಕಾರ್ಯಾಗಾರದಲ್ಲೇ ಮಾಡಿಕೊಂಡದ್ದು. 1972ರಲ್ಲಿ ಜರ್ಮನಿಯಿಂದ 1 ಮೀಟರ್ ದೂರದರ್ಶಕ ಬಂತು.

ಅದರಿಂದ ಬಂದ ಒಂದು ಫಲ ಹೇಳುತ್ತೇನೆ. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಒಂದು ಚುಕ್ಕಿಯ ಮುಂದೆ ಹಾಯ್ದು ಹೋಗುವುದಿತ್ತು. ಜಗತ್ತಿನ ಹಲವು ಕಡೆ ವಿಜ್ಞಾನಿಗಳು ಕಾದು ಕುಳಿತಿದ್ದರು, ಕಾವಲೂರಿನಲ್ಲೂ ಕುಳಿತಿದ್ದರು. ಗ್ರಹ ಅಡ್ಡ ಬರುವುದಕ್ಕಿಂತ ಮೊದಲೇ ಚುಕ್ಕಿಯ ಬೆಳಕು ಪಿಳಿಪಿಳಿ ಕಡಿಮೆಯಾಯಿತು. ಏನೋ ತೆಳ್ಳನೆಯದು ಅಡ್ಡ ಬಂದಿದೆ ಅಂತಾಯಿತು. ಯುರೇನಸ್‌ಗೂ ಶನಿಯಂತೆ ಉಂಗುರಗಳಿವೆ ಅಂತ ಜಗತ್ತಿಗೆ ಗೊತ್ತಾದದ್ದು ಹೀಗೆ. ಅಮೆರಿಕದ ವಿಜ್ಞಾನಿಗಳು ವಿಮಾನದಲ್ಲಿ ದೂರದರ್ಶಕ ಇಟ್ಟುಕೊಂಡು ನೋಡಿದ್ದನ್ನು ಕಾವಲೂರಿನ ಬೆಟ್ಟದ ಮೇಲಿಂದ ನಮ್ಮವರೂ ದಾಖಲಿಸಿದ್ದರು.

ಬೆಂಗಳೂರಿನಲ್ಲಿ ಅರೆದ ಕನ್ನಡಿ

1971ರಲ್ಲಿ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಸ್ವತಂತ್ರ ಸಂಸ್ಥೆಯಾಯಿತು. ಬಾಪು ಅದರ ಮೊದಲ ನಿರ್ದೇಶಕರು. ಅದರ ಕೇಂದ್ರ ನಮ್ಮ ಬೆಂಗಳೂರಿನ ಕೋರಮಂಗಲಕ್ಕೆ ಬಂತು.

ಆಗ ಅವರು ಒಂದು ದೊಡ್ಡ ಕೆಲಸಕ್ಕೆ ಕೈ ಹಾಕಿದರು. 2.34 ಮೀಟರ್ ಅಗಲದ ದೂರದರ್ಶಕವನ್ನು ಹೊರಗಿನಿಂದ ಕೊಂಡು ತರುವುದಲ್ಲ, ಇಲ್ಲೇ ಮಾಡುವುದು. ನಮ್ಮ ತರಗತಿಯ ಬಾಗಿಲಿನ ಎತ್ತರಕ್ಕಿಂತ ಅಗಲವಾದ ಕನ್ನಡಿ ಅದು. ನಮ್ಮ ಕಣ್ಣಿನ ಪಾಪೆಗಿಂತ ಒಂದು ಲಕ್ಷ ಪಟ್ಟಿಗೂ ಹೆಚ್ಚು ಬೆಳಕು ಹಿಡಿಯುವಂಥದ್ದು. ಗಾಜಿನ ದಪ್ಪ ಬಿಲ್ಲೆ ಮಾತ್ರ ಜರ್ಮನಿಯಿಂದ ಬಂತು. ಅದನ್ನು ಅರೆದು, ಉಜ್ಜಿ, ಹೊಳಪು ಕೊಟ್ಟದ್ದು ಬೆಂಗಳೂರಿನಲ್ಲಿ. ಅದನ್ನು ಹೊರುವ ಕಬ್ಬಿಣದ ಚೌಕಟ್ಟು ಮಹಾರಾಷ್ಟ್ರದ ವಾಲ್‌ಚಂದ್‌ನಗರದ ಕಾರ್ಖಾನೆಯಲ್ಲಿ ತಯಾರಾಯಿತು.

ದೂರದರ್ಶಕದ ಕನ್ನಡಿ ಅಂದರೆ ಮುಖ ನೋಡುವ ಕನ್ನಡಿಯಂಥದ್ದಲ್ಲ. ಅದರ ಮೈ ಬಟ್ಟಲಿನಂತೆ ಒಳಬಾಗಿರಬೇಕು. ಎಲ್ಲಿಯೂ ತಲೆಗೂದಲಿನ ದಪ್ಪದ ನೂರಾರನೇ ಒಂದು ಪಾಲಿನಷ್ಟೂ ಉಬ್ಬು ತಗ್ಗು ಇರಬಾರದು. ಸ್ವಲ್ಪ ಉಜ್ಜಬೇಕು, ಅಳೆಯಬೇಕು, ಮತ್ತೆ ಸ್ವಲ್ಪ ಉಜ್ಜಬೇಕು. ಹೆಚ್ಚು ಉಜ್ಜಿದರೆ ಹೋದ ಗಾಜು ತಿರುಗಿ ಬರುವುದಿಲ್ಲ. ಹೀಗೆ ವರ್ಷಗಳು ಕಳೆದವು.

ಮಧ್ಯಾಹ್ನ ಕತ್ತಲಾದ ದಿನ

1980ರ ಫೆಬ್ರವರಿ 16ರ ಸೂರ್ಯಗ್ರಹಣ ನಮ್ಮ ಹಿರಿಯರಿಗೆ ಚೆನ್ನಾಗಿ ನೆನಪಿದೆ. ಆಗ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಎಲ್ಲ ಧಾರವಾಡ ಜಿಲ್ಲೆಯಲ್ಲಿದ್ದವು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಪೂರ್ಣ ಗ್ರಹಣದ ನೆರಳು ಅಂಕೋಲಾ ಕಡೆಯಿಂದ ಬಂದು ಹುಬ್ಬಳ್ಳಿ, ರಾಯಚೂರು ಮೇಲೆ ಹಾಯ್ದು ಹೋಯಿತು. ಮಧ್ಯಾಹ್ನ ಮೂರೂವರೆ ಮೇಲೆ ಬೆಳಕು ಇಳಿದು ಮಬ್ಬುಗತ್ತಲೆ ಕವಿಯಿತು, ಹಕ್ಕಿಗಳು ಗೂಡಿಗೆ ಹೋದವು ಅಂತ ನಮ್ಮ ಅಜ್ಜ ಹೇಳುತ್ತಾರೆ. ಬಹಳ ಜನ ಕದ ಹಾಕಿಕೊಂಡು ಒಳಗೇ ಕುಳಿತಿದ್ದರಂತೆ. ಬಸುರಿ ಹೆಂಗಸರನ್ನು ಹೊರಗೆ ಕಾಲಿಡಲು ಬಿಡಲಿಲ್ಲವಂತೆ.

ಅದೇ ಹೊತ್ತಿನಲ್ಲಿ ಬಾಪು ಅವರ ಸಂಸ್ಥೆಯವರು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಡೇರೆ ಹಾಕಿ, ಯಂತ್ರಗಳನ್ನು ನಿಲ್ಲಿಸಿ ಕಾಯುತ್ತಿದ್ದರು. ಚಂದ್ರ ಸೂರ್ಯನನ್ನು ಪೂರ್ತಿ ಮುಚ್ಚಿದಾಗ ಮಾತ್ರ ಸೂರ್ಯನ ಸುತ್ತ ಮುತ್ತಿನಂಥ ಬಿಳಿ ಪ್ರಭೆ ಕಾಣುತ್ತದೆ. ಅದಕ್ಕೆ ಕರೋನ ಅನ್ನುತ್ತಾರೆ. ಸೂರ್ಯನ ಮೈ ಸುಮಾರು 5,500 ಡಿಗ್ರಿ ಬಿಸಿ ಇದ್ದರೆ, ಅದರ ಹೊರಗಿನ ಈ ಪ್ರಭೆ 10 ಲಕ್ಷ ಡಿಗ್ರಿಗೂ ಹೆಚ್ಚು. ಒಲೆಗಿಂತ ಒಲೆಯ ಮೇಲಿನ ಗಾಳಿ ಬಿಸಿ ಇದ್ದಂತೆ! ಅದು ಯಾಕೆ ಅನ್ನುವುದೇ ದೊಡ್ಡ ಪ್ರಶ್ನೆ. ಕೆಲವೇ ನಿಮಿಷದ ಕತ್ತಲೆಗಾಗಿ ಅವರು ತಿಂಗಳುಗಟ್ಟಲೆ ತಯಾರಿ ಮಾಡಿದ್ದರು. ಒಂದೇ ಸೂರ್ಯ, ಒಂದೇ ನೆರಳು. ಕೆಲವರು ಕದ ಹಾಕಿಕೊಂಡರು, ಕೆಲವರು ಕದ ತೆರೆದರು.

(ಒಂದು ಎಚ್ಚರಿಕೆ: ಗ್ರಹಣವನ್ನು ಬರಿಗಣ್ಣಿನಿಂದ ನೋಡಬಾರದು. ಕಣ್ಣು ಹೋಗುತ್ತದೆ. ಅದಕ್ಕೆಂದೇ ಮಾಡಿದ ಕನ್ನಡಕ ಬೇಕು, ಇಲ್ಲವೆ ರಟ್ಟಿನಲ್ಲಿ ಸೂಜಿಯ ತೂತು ಮಾಡಿ ಬಿಂಬವನ್ನು ಗೋಡೆ ಮೇಲೆ ಬೀಳಿಸಿ ನೋಡಬೇಕು.)

ತಾವು ನೋಡಲಿಲ್ಲ

1979ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿ ಬಾಪು ಆಯ್ಕೆಯಾದರು. ಆ ಸ್ಥಾನಕ್ಕೆ ಏರಿದ ಮೊದಲ ಭಾರತೀಯರು ಅವರು. 1981ರಲ್ಲಿ ಪದ್ಮಭೂಷಣ ಬಂತು. ಕಾವಲೂರಿನ ದೊಡ್ಡ ದೂರದರ್ಶಕದ ಕೆಲಸ ನಡೆದೇ ಇತ್ತು.

1982ರಲ್ಲಿ ಹೃದಯದ ಶಸ್ತ್ರಚಿಕಿತ್ಸೆಗಾಗಿ ಜರ್ಮನಿಯ ಮ್ಯೂನಿಕ್‌ನಲ್ಲಿದ್ದರು. ಆಗಸ್ಟ್ 19ರಂದು ಅಲ್ಲೇ ತೀರಿಕೊಂಡರು. 55 ವರ್ಷ ತುಂಬಿ ಒಂಬತ್ತೇ ದಿನ ಆಗಿತ್ತು. ತಾವು ಕನಸು ಕಂಡು, ನಕ್ಷೆ ಹಾಕಿ, ಅರೆಸಿದ ಆ ಕನ್ನಡಿಯಿಂದ ಒಂದು ಚುಕ್ಕಿಯನ್ನೂ ನೋಡುವುದು ಅವರಿಗೆ ಆಗಲಿಲ್ಲ. ನಾನು ಅವರ ಜೀವನ ಓದಿದಾಗ ಬಹಳ ಹೊತ್ತು ನಿಂತದ್ದು ಈ ಒಂದು ಮಾತಿನ ಮುಂದೆ.

ಆದರೆ ಕೆಲಸ ನಿಲ್ಲಲಿಲ್ಲ. ಅವರು ತಯಾರು ಮಾಡಿದ ಜನ ಇದ್ದರಲ್ಲ! 1986ರ ಜನವರಿ 6ರಂದು ಪ್ರಧಾನಿ ರಾಜೀವ್ ಗಾಂಧಿಯವರು ಆ ದೂರದರ್ಶಕವನ್ನು ದೇಶಕ್ಕೆ ಅರ್ಪಿಸಿದರು. ದೂರದರ್ಶಕಕ್ಕೂ ಇಡೀ ವೀಕ್ಷಣಾಲಯಕ್ಕೂ ವೇಣು ಬಾಪು ಹೆಸರನ್ನೇ ಇಟ್ಟರು. ಅದೇ ತಿಂಗಳು 24ರಂದು ವಾಯೇಜರ್ 2 ಎಂಬ ನೌಕೆ ಯುರೇನಸ್ ಹತ್ತಿರ ಹಾಯ್ದು ಅದರ ಉಂಗುರಗಳ ಚಿತ್ರ ಕಳಿಸಿತು. ಒಂಬತ್ತು ವರ್ಷದ ಹಿಂದೆ ಕಾವಲೂರಿನಲ್ಲಿ ಬರೀ ಬೆಳಕಿನ ಪಿಳಿಪಿಳಿಯಿಂದ ತಿಳಿದಿದ್ದ ಉಂಗುರಗಳು ಈಗ ಕಣ್ಣಿಗೇ ಕಂಡವು.

2016ರವರೆಗೂ ಅದೇ ನಮ್ಮ ದೇಶದ ಅತಿ ದೊಡ್ಡ ದೂರದರ್ಶಕವಾಗಿತ್ತು. ಆ ವರ್ಷ ದೇವಸ್ಥಳದಲ್ಲಿ 3.6 ಮೀಟರಿನದು ಬಂತು. ಅದು ಇರುವುದೂ ಬಾಪು ಮೊದಲು ದುಡಿದ ನೈನಿತಾಲಿನ ಹತ್ತಿರವೇ. ಅವರ ಸಂಸ್ಥೆಯ ಇನ್ನೊಂದು ದೂರದರ್ಶಕ ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿದೆ. ಅದನ್ನು ಉಪಗ್ರಹದ ಮೂಲಕ ಬೆಂಗಳೂರು ಹತ್ತಿರದ ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತಾರೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ ಎಲ್1 ನೌಕೆಯಲ್ಲಿ ಕರೋನ ನೋಡುವ ಯಂತ್ರ ಮಾಡಿದ್ದೂ ಅದೇ ಸಂಸ್ಥೆ. ಅದರೊಳಗೆ ಸೂರ್ಯನ ಬಿಂಬವನ್ನು ಮರೆಮಾಡುವ ಏರ್ಪಾಡಿದೆ. ಜವಳಗೇರಾದಲ್ಲಿ ಕೆಲವೇ ನಿಮಿಷ ಸಿಕ್ಕ ಗ್ರಹಣವನ್ನು ಈಗ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ಬೇಕಾದಾಗ ಮಾಡಿಕೊಳ್ಳುತ್ತಾರೆ.

ನಮಗೇನು?

ಚುಕ್ಕಿ ನೋಡಿದರೆ ಹೊಟ್ಟೆ ತುಂಬುತ್ತದೇನು ಅಂತ ಮನೆಯಲ್ಲಿ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಬಿತ್ತುವವರು ಚುಕ್ಕಿಯ ಹೆಸರಿನಲ್ಲೇ ಮಳೆ ಎಣಿಸುತ್ತಾರೆ. ಆಕಾಶದ ಪರಿಚಯ ನಮಗೆ ಹೊಸದಲ್ಲ. ಮುಂದಕ್ಕೆ ಒಯ್ಯುವುದಷ್ಟೇ ಬಾಕಿ. ಗಾಜು ಅರೆಯುವವರು, ಕಬ್ಬಿಣ ಬೆಸೆಯುವವರು, ಲೆಕ್ಕ ಬರೆಯುವವರು, ರಾತ್ರಿ ಎಚ್ಚರ ಇರುವವರು, ಇಷ್ಟೂ ಜನ ಸೇರಿದರೆ ಒಂದು ದೂರದರ್ಶಕ. ಇದರಲ್ಲಿ ಹಳ್ಳಿಯ ಮಕ್ಕಳಿಗೆ ಆಗದ ಕೆಲಸ ಯಾವುದು?

ಇನ್ನೊಂದು ಮಾತು. ಬಾಪು ಕತ್ತಲೆ ಹುಡುಕಿಕೊಂಡು ಬೆಟ್ಟ ಹತ್ತಿದರು. ಬೆಂಗಳೂರಿನ ಮಕ್ಕಳಿಗೆ ಈಗ ಆ ಕತ್ತಲೆ ಇಲ್ಲ. ನಮ್ಮ ಹಳ್ಳಿಗಳ ಹೊಲದ ಕಡೆ, ರಾಣೇಬೆನ್ನೂರಿನ ಕೃಷ್ಣಮೃಗದ ಕಾಡಿನ ಕಡೆ ಅದು ಇನ್ನೂ ಉಳಿದಿದೆ. ಬಸ್ ಸ್ಟ್ಯಾಂಡಿನ ಹತ್ತಿರ ಎತ್ತರದ ಕಂಬದ ದೀಪ ಬಂದ ಮೇಲೆ ಅಲ್ಲಿಂದ ಹಾಲುಹಾದಿ ಕಾಣುವುದಿಲ್ಲ. ಬೆಳಕು ಬೇಕೇ ಬೇಕು, ಆದರೆ ದೀಪಕ್ಕೆ ಮೇಲೊಂದು ಮುಚ್ಚಳ ಇದ್ದರೆ ನೆಲಕ್ಕೂ ಬೆಳಕು, ಆಕಾಶಕ್ಕೂ ಕತ್ತಲೆ.

ಬರುವ ಅಮಾವಾಸ್ಯೆಗೆ ಊಟ ಆದ ಮೇಲೆ ದೀಪದಿಂದ ದೂರ ಹೋಗಿ, ಹತ್ತು ನಿಮಿಷ ಮೊಬೈಲ್ ನೋಡದೆ ನಿಲ್ಲಿರಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳುತ್ತದೆ. ಚಳಿಗಾಲವಾದರೆ ಸಾಲಾಗಿ ನಿಂತ ಮೂರು ಚುಕ್ಕಿ ಹುಡುಕಿರಿ. ಅದರ ಕೆಳಗಿನ ಮಬ್ಬು ಕಂಡವರು ನಮ್ಮ ಪತ್ರಿಕೆಗೆ ಬರೆದು ಕೊಡಿರಿ. ಮುಂದಿನ ಸಂಚಿಕೆಯಲ್ಲಿ ಅವರ ಹೆಸರು ಹಾಕುತ್ತೇವೆ.

ನೆನಪಿಡಿರಿ

1927: ಜನನ, ಮದ್ರಾಸ್
1949: ಧೂಮಕೇತು ಪತ್ತೆ
1957: ವಿಲ್ಸನ್–ಬಾಪು ಪರಿಣಾಮ ಪ್ರಕಟ
1960: ಕೊಡೈಕನಾಲ್ ನಿರ್ದೇಶಕ
1968: ಕಾವಲೂರಿನಲ್ಲಿ ಮೊದಲ ದೂರದರ್ಶಕ
1971: ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕ
1979: ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷ
1982: ನಿಧನ, ಮ್ಯೂನಿಕ್
1986: ವೇಣು ಬಾಪು ದೂರದರ್ಶಕ ಲೋಕಾರ್ಪಣೆ

ನಿಮಗೆ ಗೊತ್ತೇ? ಸೂರ್ಯನನ್ನು ಸುತ್ತುವ ಒಂದು ಸಣ್ಣ ಗ್ರಹಕ್ಕೂ ಅವರ ಹೆಸರಿದೆ. ಅದರ ಸಂಖ್ಯೆ 2596.